ಮದುವೆ ಮೇಕಪ್, ಫೋಟೊ ಬುಕಿಂಗ್: ಪೇಜುಗಳಲ್ಲಿ ಎಲ್ಲ ಮದುಮಗಳ ಮುಖವೂ ಒಂದೇ ಥರ, ಯಾರನ್ನು ನಂಬುವುದು?

ತುಂಗೆಯ_ದಂಡೆ:
ನನ್ನ ಮದುವೆ ವೈಶಾಖದಲ್ಲಿ, ಶಿವಮೊಗ್ಗದಲ್ಲಿ. ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ 9ರ ಹೊತ್ತಿಗೆ ಮುಹೂರ್ತ. ಛತ್ರ ಸಿಕ್ಕಿದೆ, ಅಡುಗೆಯವರು ಸಿಕ್ಕಿದ್ದಾರೆ, ಪುರೋಹಿತರು ಅಜ್ಜನ ಕಾಲದಿಂದ ಗೊತ್ತಿರುವವರು. ಮೇಕಪ್ ಮತ್ತು ಫೋಟೊ, ಇವೆರಡರಲ್ಲೇ ಮೂರು ವಾರದಿಂದ ಒದ್ದಾಡುತ್ತಿದ್ದೇನೆ.

ಇನ್‌ಸ್ಟಾಗ್ರಾಂನಲ್ಲಿ ಸುಮಾರು 40 ಪೇಜು ನೋಡಿದೆ. ಎಲ್ಲ ಮದುಮಗಳೂ ಅಕ್ಕತಂಗಿಯರ ಹಾಗೆ ಕಾಣುತ್ತಾರೆ. ಒಬ್ಬರ ಕೆನ್ನೆಯಲ್ಲೂ ಒಂದು ಗುಳಿ ಇಲ್ಲ, ಮೂಗಿನ ಪಕ್ಕ ಕೆಂಪಿಲ್ಲ. ನಾನು ಕಪ್ಪಗಿದ್ದೇನೆ. "ಎಣ್ಣೆಗೆಂಪು" ಅಂತೆಲ್ಲ ಸುತ್ತಿ ಬಳಸಿ ಹೇಳಬೇಕಾಗಿಲ್ಲ, ಕಪ್ಪು. ಮೊಡವೆ ಕಲೆಯೂ ಇದೆ. ಆ 40 ಪೇಜಿನಲ್ಲಿ ನನ್ನ ಬಣ್ಣದ ಒಬ್ಬಳೂ ಇಲ್ಲ. ಒಂದೋ ಕಪ್ಪಗಿರುವವರು ಮೇಕಪ್ ಮಾಡಿಸಿಕೊಳ್ಳುವುದಿಲ್ಲ, ಇಲ್ಲಾ ಮಾಡಿಸಿಕೊಂಡ ಮೇಲೆ ಕಪ್ಪಗಿರುವುದಿಲ್ಲ!

ಒಬ್ಬರಿಗೆ ಫೋನ್ ಮಾಡಿ ಎಡಿಟ್ ಮಾಡದ ಫೋಟೊ ಕೇಳಿದೆ. "ಮೇಡಂ, ನಮ್ದು ಎಲ್ಲಾ ನೋ ಫಿಲ್ಟರ್" ಅಂದರು. ಕಳಿಸಿದ ಫೋಟೊದಲ್ಲಿ ಮದುಮಗಳ ಪಕ್ಕದ ಕಂಬ, ಅವಳ ಸೊಂಟದ ಎತ್ತರಕ್ಕೆ ಬಂದಾಗ ಒಳಕ್ಕೆ ಬಾಗಿತ್ತು. ಯಾವ ಫೌಂಡೇಶನ್ ಹಚ್ಚಿದರೆ ಕಂಬ ಬಾಗುತ್ತದೋ ಗೊತ್ತಾಗಲಿಲ್ಲ.

ನೀವೆಲ್ಲ ಹೇಗೆ ಆರಿಸಿದಿರಿ? ಏನು ಕೇಳಿದಿರಿ? ಎಲ್ಲಿ ಮೋಸ ಹೋದಿರಿ?

ಬೆಣ್ಣೆದೋಸೆ:
ಕಂಬವನ್ನೂ ಪ್ಯಾಕೇಜಿನಲ್ಲಿ ಸೇರಿಸಿರಬೇಕು ಬಿಡಿ. ಅಡುಗೆಯವರು ಯಾರು? ಶಿವಮೊಗ್ಗ ಕಡೆ ನಮಗೂ ಒಬ್ಬರು ಬೇಕಾಗಿದ್ದಾರೆ.

ಅಕ್ಷತೆ_ಕಾಳು:
ಹೋದ ವರ್ಷ ನಾನೂ ಇದೇ ಸಂಕಟದಲ್ಲಿದ್ದೆ. ಒಂದು ಉಪಾಯ ಹೇಳುತ್ತೇನೆ. ಮುಖ ನೋಡಬೇಡಿ, ಕೈ ನೋಡಿ. ಮುಖ ಗೋಧಿ ಬಣ್ಣ, ಬೆರಳು ರಾಗಿ ಬಣ್ಣ ಇದ್ದರೆ ಒಂದೋ ಮೇಕಪ್ ಶೇಡ್ ತಪ್ಪು, ಇಲ್ಲಾ ಎಡಿಟ್ ಮಾಡುವಾಗ ಮುಖ ಮಾತ್ರ ಬೆಳಗಿಸಿದ್ದಾರೆ. ಆಮೇಲೆ ಕಿವಿ ನೋಡಿ. ಜುಮಕಿ ತೂಗುವ ಕಿವಿಗೆ ಬೇಸ್, ಅಂದರೆ ಫೌಂಡೇಶನ್, ಹಚ್ಚುವುದನ್ನು ಬಹಳ ಜನ ಮರೆಯುತ್ತಾರೆ.

ಇನ್ನೊಂದು. ನೀವು ನೋಡಿದವು ಮದುವೆಯ ಫೋಟೊಗಳೇ ಅಲ್ಲದಿರಬಹುದು. ಮಾಡೆಲ್ ಕರೆಸಿ, ಸೀರೆ ಒಡವೆ ಬಾಡಿಗೆಗೆ ತಂದು, ಸ್ಟುಡಿಯೊ ಲೈಟಿನಲ್ಲಿ ತೆಗೆಸುತ್ತಾರೆ. ಕೊಲಾಬ್ ಶೂಟ್ ಅನ್ನುತ್ತಾರೆ. ಮೇಕಪ್‌ನವರು, ಫೋಟೊಗ್ರಾಫರ್, ಒಡವೆ ಬಾಡಿಗೆಯವರು ಮೂವರೂ ಅದನ್ನೇ ಹಾಕಿಕೊಳ್ಳುತ್ತಾರೆ. ತಪ್ಪೇನಿಲ್ಲ. ಆದರೆ ಅದನ್ನು ಮದುವೆ ಮಾಡಿದ ಅನುಭವ ಅಂತ ಲೆಕ್ಕ ಹಾಕಬೇಡಿ. ಗುರುತು ಹಿಡಿಯುವುದು ಸುಲಭ. ಅಂಗೈಯಲ್ಲಿ ಮೆಹಂದಿ ಇರುವುದಿಲ್ಲ. ಮೊಗ್ಗಿನ ಜಡೆಯಲ್ಲಿ ಒಂದೇ ಒಂದು ಅಕ್ಷತೆ ಕಾಳು ಸಿಕ್ಕಿಕೊಂಡಿರುವುದಿಲ್ಲ. ಹಾರದ ಒಂದು ಎಸಳೂ ನಲುಗಿರುವುದಿಲ್ಲ. ಹಿಂದೆ ಯಾವ ಚಿಕ್ಕಪ್ಪನೂ ಅಡ್ಡ ಬಂದಿರುವುದಿಲ್ಲ. ಚಿಕ್ಕಪ್ಪ ಅಡ್ಡ ಬಾರದ ಮದುವೆ ಎಲ್ಲಾದರೂ ಉಂಟಾ?

ಹುಬ್ಬಳ್ಳಿ_ಗಿರ್ಮಿಟ್:
ನಮ್ಮ ಕಡೆ ಅಡ್ಡ ಬರೋದು ಸೋದರಮಾವ ರೀ.

ಕ್ಯಾಮೆರಾ_ಹೊರುವವ:
ಹಾಸನ ಕಡೆ 11 ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಬೈಯುವ ಮುಂಚೆ ನಮ್ಮ ಮಾತನ್ನೂ ಕೇಳಿ.

"ಎಡಿಟ್ ಮಾಡದ ಫೋಟೊ" ಅಂತ ಕೇಳುವವರಿಗೆ ಅದು ಹೇಗಿರುತ್ತದೆ ಅಂತ ಗೊತ್ತಿರುವುದಿಲ್ಲ. ರಾ ಫೈಲ್, ಅಂದರೆ ಕ್ಯಾಮೆರಾ ಹಿಡಿದದ್ದು ಹಾಗೇ ಇರುವ ಫೈಲ್, ಹಳೇ ಕಾಲದ ನೆಗೆಟಿವ್ ಇದ್ದ ಹಾಗೆ. ಸಪ್ಪೆ. ಜೊತೆಗೆ ನಮ್ಮ ಛತ್ರಗಳ ಬೆಳಕು ನೋಡಿದ್ದೀರಾ? ಮೇಲೆ ಹಳದಿ ಬಲ್ಬು, ವೇದಿಕೆಗೆ ನೇರಳೆ ಎಲ್‌ಇಡಿ, ಪಕ್ಕದ ಕಿಟಕಿಯಿಂದ ಬಿಸಿಲು, ಎದುರಿಗೆ ವಿಡಿಯೊದವರ ಬಿಳಿ ಲೈಟು. ಬೆಳಕಿನ ಬಣ್ಣ ಅಳೆಯುವ ಲೆಕ್ಕದಲ್ಲಿ ಹಳದಿ ಬಲ್ಬು ಸುಮಾರು 3000 ಕೆಲ್ವಿನ್, ಬಿಸಿಲು 5500ರ ಆಸುಪಾಸು. ನಮ್ಮ ಕಣ್ಣು ಅದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಎರಡನ್ನೂ ಒಟ್ಟಿಗೆ ಸರಿ ಮಾಡಲು ಆಗುವುದಿಲ್ಲ. ಒಂದೇ ಮುಖದಲ್ಲಿ ಒಂದು ಕೆನ್ನೆ ಹಳದಿ, ಇನ್ನೊಂದು ನೇರಳೆ. ಅದನ್ನು ಕಣ್ಣಿಗೆ ಕಂಡ ಹಾಗೆ ತರುವುದಕ್ಕೇ ಎಡಿಟಿಂಗ್ ಬೇಕು. ಇದನ್ನೂ ಮೋಸ ಅಂದರೆ ಹೇಗೆ?

ನನ್ನ ಲೆಕ್ಕ ಇಷ್ಟು: ಮದುವೆ ದಿನ ಎದ್ದ ಮೊಡವೆ ಎರಡು ವಾರಕ್ಕೆ ಹೋಗುವಂಥದ್ದು, ತೆಗೆಯುತ್ತೇನೆ. ಮಚ್ಚೆ, ಗಾಯದ ಕಲೆ, ಮೈಬಣ್ಣ ಅವರ ಸ್ವಂತದ್ದು, ಕೇಳದೆ ಮುಟ್ಟುವುದಿಲ್ಲ. ಆದರೆ ಆಲ್ಬಂ ಡಿಸೈನ್ ಕಳಿಸಿದ ಮೇಲೆ ಬರುವ ಫೋನು ಏನು ಗೊತ್ತಾ? "ಹುಡುಗಿ ಡಲ್ ಕಾಣ್ತಾಳೆ, ಸ್ವಲ್ಪ ಬ್ರೈಟ್ ಮಾಡಿ." ಫೋನ್ ಮಾಡುವವಳು ಹುಡುಗಿ ಅಲ್ಲ. ಅವಳ ಅಮ್ಮ, ಇಲ್ಲಾ ಅತ್ತೆ.

ಸಂಜೆಮಲ್ಲಿಗೆ:
ನಿಮ್ಮಂಥವರು ನಮಗೆ ಸಿಗಲಿಲ್ಲ.

ನನ್ನ ತುಟಿಯ ಮೇಲೆ ಎಡಗಡೆ ಮಚ್ಚೆ ಇದೆ. ನಾಲ್ಕು ತಿಂಗಳು ಕಾಯಿಸಿ ಆಲ್ಬಂ ಕೊಟ್ಟರು. ಒಂದು ಫೋಟೊದಲ್ಲೂ ಮಚ್ಚೆ ಇಲ್ಲ. ಇಲ್ಲ, ತಪ್ಪು, ಒಂದರಲ್ಲಿ ಇದೆ. ಕನ್ನಡಿ ಮುಂದೆ ಕೂತು ಬೈತಲೆಬೊಟ್ಟು ಸರಿ ಮಾಡಿಕೊಳ್ಳುವ ಫೋಟೊ. ನನ್ನ ಮುಖದ ಮಚ್ಚೆ ಅಳಿಸಿದ್ದಾರೆ, ಕನ್ನಡಿಯೊಳಗಿನದನ್ನು ಮರೆತಿದ್ದಾರೆ. ನನ್ನ ಗಂಡ ಇವತ್ತಿಗೂ "ನಾನು ಮದುವೆಯಾಗಿದ್ದು ಕನ್ನಡಿಯೊಳಗಿನವಳನ್ನು" ಅನ್ನುತ್ತಾರೆ.

ಅದನ್ನಾದರೂ ನಕ್ಕು ಬಿಡಬಹುದು. ಎಲ್ಲರ ಮುಖಕ್ಕೂ ಒಟ್ಟಿಗೆ ಸ್ಮೂತ್ ಹೊಡೆದಿದ್ದರು. ನಮ್ಮಜ್ಜಿಗೆ ಆಗ 84. ಮುಖದ ಸುಕ್ಕು ಒಂದೂ ಇಲ್ಲ, ಸೋಪಿನ ಬಿಲ್ಲೆ ಥರ ಆಗಿದ್ದರು. ಮರುವರ್ಷ ಅಜ್ಜಿ ಹೋದರು. ಗೋಡೆಗೆ ಹಾಕಲು ಫೋಟೊ ಹುಡುಕಿದಾಗ ಆ ದಪ್ಪ ಆಲ್ಬಮ್ಮಿನಲ್ಲಿ ಒಂದೂ ಅಜ್ಜಿ ಅನ್ನಿಸಲಿಲ್ಲ. ಮೂಲ ಫೈಲ್ ಕೇಳಿದರೆ ಹಾರ್ಡ್‌ಡಿಸ್ಕ್ ಖಾಲಿ ಮಾಡಿ ಆಯಿತು ಅಂದರು. ಕೊನೆಗೆ ತಮ್ಮ ಊಟದ ಪಂಕ್ತಿಯಲ್ಲಿ ಮೊಬೈಲಿನಲ್ಲಿ ತೆಗೆದ ಫೋಟೊ ಸಿಕ್ಕಿತು. ಕೈಯಲ್ಲಿ ಅರ್ಧ ಹೋಳಿಗೆ, ಬಾಯಿ ತೆರೆದು ಯಾರನ್ನೋ ಬೈಯುತ್ತಿದ್ದಾರೆ. ಅದನ್ನೇ ದೊಡ್ಡದು ಮಾಡಿಸಿ ಹಾಕಿದ್ದೇವೆ.

ಹಾಗಾಗಿ ತುಂಗೆಯವರೇ, ಮೂಲ ಫೋಟೊಗಳು ಎಷ್ಟು ದಿನ ಅವರ ಹತ್ತಿರ ಇರುತ್ತವೆ, ನಿಮಗೆ ಕೊಡುತ್ತಾರಾ, ಮುಂಗಡ ಕೊಡುವ ಮೊದಲೇ ಬರೆಸಿಕೊಳ್ಳಿ.

ಅಕ್ಷತೆ_ಕಾಳು:
ಅಜ್ಜಿ ಫೋಟೊ ಓದಿ ಕಣ್ಣು ತುಂಬಿ ಬಂತು.

ಕ್ಯಾಮೆರಾ_ಹೊರುವವ:
ಬೇಜಾರಾಯಿತು. ಅದು ಆಲ್ಬಂ ಡಿಸೈನ್ ಹೊರಗೆ ಕೊಟ್ಟಾಗ ಆಗುವ ಅನಾಹುತ. ತೆಗೆದವರೊಬ್ಬರು, ಆಲ್ಬಮ್ಮಿನ ಹಾಳೆ ಜೋಡಿಸುವವರು ಇನ್ನೊಬ್ಬರು. ಅವರಿಗೆ ಯಾರ ಮುಖವೂ ಗೊತ್ತಿಲ್ಲ. ಸಾವಿರ ಫೋಟೊಗೆ ಒಂದೇ ಬಟನ್ ಒತ್ತುತ್ತಾರೆ. ಎಡಿಟ್ ಯಾರು ಮಾಡುತ್ತಾರೆ ಅಂತಲೂ ಕೇಳಿ.

ಕರಿಕೋಟು:
ವಕೀಲಿಕೆ ಮಾಡುತ್ತೇನೆ, ಎರಡು ಮಾತು. ನೀವು ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕುದಾರರು ನೀವೇ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಹಾಗೆ ಹೇಳುತ್ತದೆ, ಬೇರೆ ಥರ ಒಪ್ಪಂದ ಆಗಿಲ್ಲದಿದ್ದರೆ. ಈ ಕೊನೆಯ ತುಂಡು ಮುಖ್ಯ. ಫೋಟೊಗ್ರಾಫರ್ ಕೊಡುವ ಕಾಗದದಲ್ಲಿ "ಹಕ್ಕು ನಮ್ಮದು" ಅಂತ ಸಣ್ಣ ಅಕ್ಷರದಲ್ಲಿದ್ದರೆ, ನೀವು ಸಹಿ ಹಾಕಿದರೆ, ಹಕ್ಕು ಅವರಿಗೆ ಹೋಗಬಹುದು. ಓದಿ ಸಹಿ ಹಾಕಿ.

ಹೇಳಿದ್ದು ಕೊಡದಿದ್ದರೆ ಗ್ರಾಹಕರ ಆಯೋಗ ಇದೆ. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ಹಾಕಬೇಕು. ಮೊದಲು 1915ಕ್ಕೆ ಫೋನ್ ಮಾಡಿ ನೋಡಿ, ಅದು ಸರ್ಕಾರದ ಗ್ರಾಹಕ ಸಹಾಯವಾಣಿ. ಆದರೆ "ಚೆನ್ನಾಗಿ ಬರಲಿಲ್ಲ" ಅಂತ ಕೇಸು ಗೆಲ್ಲುವುದು ಕಷ್ಟ. ಏನು ಕೊಡುತ್ತೇವೆ ಅಂದಿದ್ದರೋ ಅದು ಬರಹದಲ್ಲಿರಬೇಕು. ವಾಟ್ಸಾಪ್ ಮಾತುಕತೆ ಅಳಿಸಬೇಡಿ.

ಖಾರಾಬೂಂದಿ:
ಮದುವೆ ಮನೆಯಲ್ಲಿ ಯಾರು ಮೇಡಂ ಸೆಕ್ಷನ್ ನೋಡುತ್ತಾರೆ? ತಾಳಿ ಎಲ್ಲಿಟ್ಟಿದ್ದೇವೆ ಅಂತಲೇ ಕೊನೇ ಗಳಿಗೆವರೆಗೆ ಗೊತ್ತಿರುವುದಿಲ್ಲ.

ಕರಿಕೋಟು:
ಅದಕ್ಕೇ ಆರು ತಿಂಗಳು ಮುಂಚೆ ನೋಡಿ ಅನ್ನುವುದು.

ಪೌಡರ್_ಡಬ್ಬಿ:
ನಾನು ಮೇಕಪ್ ಮಾಡುವವಳು, ಮಂಗಳೂರು. ಕರಾವಳಿ ಸೆಕೆಯಲ್ಲಿ ಕಲಿತ ವಿದ್ಯೆ, ಆದ್ದರಿಂದ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಕ್ಷಮಿಸಿ.

ಎಚ್‌ಡಿ ಮೇಕಪ್, 4ಕೆ ಮೇಕಪ್, ಗ್ಲಾಸ್ ಸ್ಕಿನ್ ಇವೆಲ್ಲ ರೇಟ್ ಕಾರ್ಡಿನ ಹೆಸರುಗಳು. ಎಚ್‌ಡಿ ಅಂದರೆ ಇಂಥದ್ದೇ ಅಂತ ಯಾರೂ ಮುದ್ರೆ ಒತ್ತಿಲ್ಲ. ಏರ್‌ಬ್ರಷ್ ಮಾತ್ರ ನಿಜಕ್ಕೂ ಬೇರೆ, ಗಾಳಿಯಂತ್ರದಿಂದ ತೆಳ್ಳಗೆ ಸಿಂಪಡಿಸುವುದು. ಆದರೆ ಧಾರೆಯ ಹೊತ್ತಿಗೆ ಅತ್ತು ಗೆರೆ ಬಿದ್ದರೆ ಅದನ್ನು ಸರಿ ಮಾಡುವುದು ಕಷ್ಟ. ಅಳುವವರು ಮೊದಲೇ ಹೇಳಿ. ಎಲ್ಲರೂ "ನಾನು ಅಳಲ್ಲ" ಅನ್ನುತ್ತಾರೆ, ಅಪ್ಪ ಕೈ ಹಿಡಿದು ನೀರು ಬಿಡುವಾಗ ಎಲ್ಲರೂ ಅಳುತ್ತಾರೆ.

ಟ್ರಯಲ್ ಮಾಡಿಸಿ. ಟ್ರಯಲ್ ಮುಗಿದ ಮೇಲೆ ಅಲ್ಲೇ ರಿಂಗ್ ಲೈಟ್ ಮುಂದೆ ಸೆಲ್ಫಿ ತೆಗೆದು ಖುಷಿಪಡಬೇಡಿ. ರಿಂಗ್ ಲೈಟಿನ ಮುಂದೆ ಎಲ್ಲರೂ ಚೆಂದ. ಬಾಗಿಲ ಹೊರಗೆ ಬನ್ನಿ. ನೆರಳಲ್ಲಿ ಒಂದು, ಬಿಸಿಲಲ್ಲಿ ಒಂದು ಫೋಟೊ ತೆಗೆಯಿರಿ. ಮೊಬೈಲಿನ ಬ್ಯೂಟಿ ಮೋಡ್ ಆಫ್ ಮಾಡಿ, ಕೆಲವು ಫೋನುಗಳಲ್ಲಿ ಅದು ಮೊದಲೇ ಆನ್ ಆಗಿರುತ್ತದೆ. ಆಮೇಲೆ ಕತ್ತಲೆ ಕೋಣೆಯಲ್ಲಿ ಫ್ಲಾಶ್ ಹಾಕಿ ಒಂದು. ಸನ್‌ಸ್ಕ್ರೀನಿನ ಜಿಂಕ್, ಟೈಟಾನಿಯಂ, ಪೌಡರಿನ ಸಿಲಿಕಾ ಜಾಸ್ತಿಯಾದರೆ ಫ್ಲಾಶಿಗೆ ಮುಖ ಬಿಳಿಚಿಕೊಂಡು ಹಿಟ್ಟು ಮೆತ್ತಿದ ಹಾಗೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಫೋಟೊದಲ್ಲೇ ಗೊತ್ತಾಗುವುದು. ಕಪ್ಪು ಚರ್ಮದ ಮೇಲೆ ಇನ್ನೂ ಎದ್ದು ಕಾಣುತ್ತದೆ. ಮುಖ ತೊಳೆಯದೆ ಐದಾರು ಗಂಟೆ ಹಾಗೇ ಇರಿ. ಗ್ಯಾಸ್ ಒಲೆ ಮುಂದೆ ನಿಂತು ನಾಲ್ಕು ದೋಸೆ ಹೊಯ್ಯಿರಿ. ಹೋಮದ ಬಿಸಿಗೆ ಅದೇ ಪರೀಕ್ಷೆ.

ಶೇಡ್ ನೋಡುವುದು ಕೈ ಮೇಲೆ ಅಲ್ಲ, ದವಡೆಯ ಅಂಚಿನಲ್ಲಿ, ಕತ್ತು ಸೇರುವ ಕಡೆ. ಹಚ್ಚಿ ಹತ್ತು ನಿಮಿಷ ಬಿಡಬೇಕು, ಕೆಲವು ಬೇಸ್ ಗಾಳಿಗೆ ಬಣ್ಣ ಬದಲಿಸುತ್ತದೆ. ಹಳೇ ಅಲರ್ಜಿ ಇದ್ದರೆ ಒಂದೆರಡು ದಿನ ಮುಂಚೆ ಕಿವಿಯ ಹಿಂದೆ ಹಚ್ಚಿ ನೋಡಿ. ಅರಿಶಿನ ಶಾಸ್ತ್ರದ ದಿನ ಮುಖಕ್ಕೆ ಒಂದು ಬೊಟ್ಟು ಸಾಕು ಅಂತ ಅತ್ತಿಗೆಯರಿಗೆ ಹೇಳಿಡಿ. ಕೈಕಾಲಿಗೆ ಎಷ್ಟಾದರೂ ಬಳಿಯಲಿ. ಹಳದಿ ಮುಖದ ಮೇಲೆ ಯಾವ ಶೇಡೂ ಕೂರುವುದಿಲ್ಲ.

ಹುಬ್ಬಳ್ಳಿ_ಗಿರ್ಮಿಟ್:
ಅತ್ತಿಗೆಯರಿಗೆ ಹೇಳಿದರೆ ಕೇಳ್ತಾರೇನ್ರಿ? ಹೇಳಿದ್ದಕ್ಕೇ ಇನ್ನೊಂದು ಬಟ್ಟಲು ತರ್ತಾರೆ.

ಖಾರಾಬೂಂದಿ:
ಟ್ರಯಲ್ ಟ್ರಯಲ್ ಅಂತೀರಿ. ನನ್ನ ತಂಗಿಗೆ ಟ್ರಯಲ್ ಮಾಡಿದ್ದು ಮೇಡಂ, ಚಿನ್ನದಂಥ ಕೆಲಸ. ಮದುವೆ ದಿನ ಬೆಳಿಗ್ಗೆ 4ಕ್ಕೆ ಬಂದಿದ್ದು ಇಬ್ಬರು ಅಸಿಸ್ಟೆಂಟ್ ಹುಡುಗಿಯರು. ಮೇಡಂಗೆ ಅದೇ ಮುಹೂರ್ತಕ್ಕೆ ಇನ್ನೊಂದು ಛತ್ರದಲ್ಲಿ ದೊಡ್ಡ ಪಾರ್ಟಿ. ತಂಗಿಯ ಹುಬ್ಬು ಎರಡೂ ಎರಡು ದಿಕ್ಕಿಗೆ. ಇಡೀ ಮದುವೆ ಅವಳು ಆಶ್ಚರ್ಯಪಟ್ಟ ಹಾಗೇ ಇದ್ದಳು.

ಪೌಡರ್_ಡಬ್ಬಿ:
ಇದು ನಡೆಯುತ್ತದೆ, ಒಪ್ಪಿಕೊಳ್ಳುತ್ತೇನೆ. ಒಳ್ಳೆ ಲಗ್ನದ ದಿನ ಒಬ್ಬೊಬ್ಬರು ಮೂರು ಮದುವೆ ಹಿಡಿದಿರುತ್ತಾರೆ. "ಅವತ್ತು ನಿಮಗೆ ಎಷ್ಟು ಮದುವೆ, ನನ್ನ ಮುಖಕ್ಕೆ ಬ್ರಷ್ ಹಿಡಿಯುವುದು ಯಾರು" ಅಂತ ನೇರವಾಗಿ ಕೇಳಿ. ಕೇಳಿದ್ದಕ್ಕೆ ಮುಖ ಊದಿಸಿಕೊಂಡವರನ್ನು ಬಿಟ್ಟುಬಿಡಿ.

ಹಳೇ_ರೋಲು:
ಮಕ್ಕಳಾ, ಟಚಪ್ ಹೊಸದೇನಲ್ಲ. ನನ್ನ ಮದುವೆ 1979ರಲ್ಲಿ. 120 ಅನ್ನುವ ಅಳತೆಯ ಫಿಲ್ಮ್ ರೋಲು, ಒಂದಕ್ಕೆ 12 ಚೌಕ ಫೋಟೊ. ನಮಗೆ ಎರಡು ರೋಲು, ಒಟ್ಟು 24. ಸ್ಟುಡಿಯೊದ ಯಜಮಾನರು ನೆಗೆಟಿವನ್ನು ಬೆಳಕಿನ ಪೆಟ್ಟಿಗೆ ಮೇಲಿಟ್ಟು, ಭೂತಗನ್ನಡಿ ಹಿಡಿದು, ಸೀಸದ ಕಡ್ಡಿ ಚೂಪು ಮಾಡಿ ಚುಕ್ಕೆ ಚುಕ್ಕೆ ಇಡುತ್ತಿದ್ದರು. ನೆಗೆಟಿವಿನಲ್ಲಿ ಕಪ್ಪಿಟ್ಟ ಕಡೆ ಪ್ರಿಂಟಿನಲ್ಲಿ ಬೆಳ್ಳಗೆ. ನಮ್ಮ ಮನೆಯವಳ ಕಣ್ಣ ಕೆಳಗಿನ ಕಪ್ಪು ಹಾಗೇ ಹೋಯಿತು. ಆದರೆ ಒಂದು ಮುಖಕ್ಕೆ ಅರ್ಧ ಗಂಟೆ ಬೇಕು, ಆದ್ದರಿಂದ ಒಂದೆರಡು ಫೋಟೊಗೆ ಮಾತ್ರ ಮಾಡುತ್ತಿದ್ದರು. ಉಳಿದ 22ರಲ್ಲಿ ನಾವು ನಾವೇ.

ಒಂದರಲ್ಲಿ ನಾನಿಲ್ಲ, ಪುರೋಹಿತರ ಮೊಣಕೈ ಇದೆ. ತಾಳಿ ಕಟ್ಟಿದ ಫೋಟೊ ಅದೇ.

ಬೆಣ್ಣೆದೋಸೆ:
ಸರ್, ಆ ಮೊಣಕೈ ಫೋಟೊ ಇಟ್ಟುಕೊಂಡಿದ್ದೀರಾ?

ಹಳೇ_ರೋಲು:
ದೇವರ ಮನೆಯಲ್ಲಿದೆ.

ಮಾವಿನ_ತೋರಣ:
ಮುಖದ ಮಾತು ಆಯಿತು. ಬಣ್ಣದ ಮಾತು ಯಾರೂ ಎತ್ತಲಿಲ್ಲ. ಈಗ ಎಲ್ಲರಿಗೂ ಆ ಮಬ್ಬು ಕಂದು ಬಣ್ಣದ ಎಡಿಟ್ ಬೇಕು. ಎಲ್ಲ ಮದುವೆಗೂ ಒಂದೇ ಪ್ರಿಸೆಟ್, ಅಂದರೆ ಮೊದಲೇ ಮಾಡಿಟ್ಟ ಎಡಿಟ್ ಸೆಟ್ಟಿಂಗ್. ಹಸಿರನ್ನು ಕೆಡಿಸಿ ಕಂದು ಮಾಡುತ್ತದೆ. ನನ್ನ ಅಣ್ಣನ ಮದುವೆ ಫೋಟೊದಲ್ಲಿ ಬಾಳೆಕಂಬ ಒಣ ತಂಬಾಕಿನ ಬಣ್ಣ, ಮಾವಿನ ತೋರಣ ಕರಗಿದ ಬೆಲ್ಲದ ಬಣ್ಣ. ಅತ್ತಿಗೆಯ ಗಿಳಿಹಸಿರು ಅಂಚಿನ ಮೈಸೂರು ಸಿಲ್ಕ್ ಸೀರೆ ಯಾರದೋ ಸೀರೆ ಆಗಿದೆ. ಪೇಜು ನೋಡುವಾಗ ಬಾಳೆಲೆ ಹಸಿರಿದೆಯಾ ನೋಡಿ. ಬಾಳೆಲೆ ಸರಿಯಿದ್ದರೆ ಮೈಬಣ್ಣವೂ ಹೆಚ್ಚು ಕಮ್ಮಿ ಸರಿಯಿರುತ್ತದೆ.

ಕ್ಯಾಮೆರಾ_ಹೊರುವವ:
ಬಾಳೆಲೆ ಪರೀಕ್ಷೆ ಚೆನ್ನಾಗಿದೆ. ನಮ್ಮವರಿಗೆ ಹೇಳಬೇಡಿ, ಎಲೆ ಮಾತ್ರ ಹಸಿರು ಮಾಡಿ ಹಾಕುತ್ತಾರೆ.

ಓದುವ_ಗೀಳು:
ನಾರ್ವೆಯಲ್ಲಿ 2022ರ ಜುಲೈಯಿಂದ ಒಂದು ಕಾನೂನಿದೆ. ಜಾಹೀರಾತಿನ ಫೋಟೊದಲ್ಲಿ ಮೈಕಟ್ಟು, ಚರ್ಮ ತಿದ್ದಿದ್ದರೆ "ತಿದ್ದಿದೆ" ಅಂತ ಗುರುತು ಹಾಕಬೇಕು. ದುಡ್ಡು ಪಡೆದು ಪೋಸ್ಟ್ ಹಾಕುವವರಿಗೂ ಅನ್ವಯ. ಫ್ರಾನ್ಸ್ 2017ರಲ್ಲೇ ಮಾಡೆಲ್‌ಗಳ ಫೋಟೊಗೆ ಇಂಥದ್ದೇ ತಂದಿತು. ಮೇಕಪ್ ಪೇಜು ಅಂದರೂ ಜಾಹೀರಾತೇ ಅಲ್ವಾ? ನಮ್ಮಲ್ಲೂ ಬರಬೇಕು.

ಖಾರಾಬೂಂದಿ:
ಬಂದರೆ ಮದುವೆ ಮನೆಯ ಎಲ್ಲ ಫೋಟೊಗೂ ಆ ಗುರುತು ಬೀಳುತ್ತದೆ. ಹುಡುಗ ಹುಡುಗಿ ನೋಡುವಾಗ ಕಳಿಸಿದ ಫೋಟೊದಿಂದ ಶುರು ಮಾಡಬೇಕು.

ರೇಷ್ಮೆ_ಎಳೆ:
ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ಆದ್ದರಿಂದ ಕೇಳುತ್ತೇನೆ. ಹುಡುಗಿಗೇ ಸ್ವಲ್ಪ ಬೆಳ್ಳಗೆ ಕಾಣಬೇಕು ಅನ್ನಿಸಿದರೆ? ನನಗೆ ಅನ್ನಿಸಿತ್ತು. ಎರಡು ಶೇಡ್ ತಿಳಿ ಬೇಕು ಅಂತ ಕೇಳಿ ಹಾಕಿಸಿಕೊಂಡೆ. ಫೋಟೊದಲ್ಲಿ ಚೆನ್ನಾಗಿ ಬಂದಿದೆ, ಖುಷಿಯಾಗಿದ್ದೇನೆ. ನನ್ನ ಮದುವೆ, ನನ್ನ ದುಡ್ಡು. ಇದರಲ್ಲಿ ಮೋಸ ಹೋದವರು ಯಾರು?

ತುಂಗೆಯ_ದಂಡೆ:
ನಿಮ್ಮ ಮುಖ, ನಿಮ್ಮ ಇಷ್ಟ, ಜಗಳವಿಲ್ಲ. ನೀವು ಕೇಳಿ ಹಾಕಿಸಿಕೊಂಡಿರಿ. ನಾನು ಕೇಳದೆ ನನಗೂ ಅದನ್ನೇ ಹಾಕುತ್ತಾರಲ್ಲ, ಅದು ನನ್ನ ತಕರಾರು. ಒಬ್ಬರು ಫೋನಿನಲ್ಲೇ "ಸ್ಕಿನ್ ಟೋನ್ ಹೇಗಿದೆ" ಅಂತ ಕೇಳಿ, ಹೇಳಿದ ಮೇಲೆ "ಪರವಾಗಿಲ್ಲ ಮೇಡಂ, ಮ್ಯಾನೇಜ್ ಮಾಡ್ತೀವಿ" ಅಂದರು. ನಾನೇನು ಸೋರುವ ಛಾವಣಿಯಾ?

ಅಕ್ಷತೆ_ಕಾಳು:
ಫೇರ್ ಅಂಡ್ ಲವ್ಲಿ ಹೆಸರು 2020ರಲ್ಲೇ ಬದಲಾಯಿತು. ನಮ್ಮ ಅತ್ತೆಯರ ಬಾಯಿ ಇನ್ನೂ ಬದಲಾಗಿಲ್ಲ.

ರೇಷ್ಮೆ_ಎಳೆ:
"ಮ್ಯಾನೇಜ್" ಅಂದಿದ್ದು ತಪ್ಪೇ. ಅದನ್ನು ಒಪ್ಪುತ್ತೇನೆ. ಉಳಿದಿದ್ದು ಒಪ್ಪುವುದಿಲ್ಲ.

ನ್ಯೂಜೆರ್ಸಿ_ರೊಟ್ಟಿ:
ನಾನು ಇಲ್ಲಿಂದಲೇ ಬುಕ್ ಮಾಡಬೇಕಿತ್ತು, ಮದುವೆ ಮೈಸೂರಿನಲ್ಲಿ. ಪೇಜು ನೋಡುವುದನ್ನೇ ಬಿಟ್ಟೆ. ಮೂವರು ಫೋಟೊಗ್ರಾಫರ್‌ಗಳಿಗೆ ಒಂದೇ ಮಾತು ಕೇಳಿದೆ: ಒಂದೇ ಮದುವೆಯ ಪೂರ್ತಿ ಗ್ಯಾಲರಿ ತೋರಿಸಿ, ಆರಿಸಿದ 20 ಫೋಟೊ ಬೇಡ. ಆ ಮನೆಯವರ ಒಪ್ಪಿಗೆ ಕೇಳಿಕೊಂಡು ಒಬ್ಬರು ಮಾತ್ರ ತೋರಿಸಿದರು. ಊಟದ ಮನೆ ಎಷ್ಟು ಕತ್ತಲೆ, ಕಾಶಿಯಾತ್ರೆ ಛತ್ರಿ ಎಷ್ಟು ವಾರೆ ಎಲ್ಲ ಕಂಡಿತು. ಅವರನ್ನೇ ಹಿಡಿದೆ.

ಮೇಕಪ್‌ಗೆ ನಮ್ಮ ಅತ್ತೆ ಮಗಳನ್ನು ಪತ್ತೇದಾರಿಕೆಗೆ ಕಳಿಸಿದೆ. ಆ ಆರ್ಟಿಸ್ಟ್ ಕೆಲಸ ಮಾಡುತ್ತಿದ್ದ ಒಂದು ಆರತಕ್ಷತೆಗೆ ಹೋಗಿ, ಸಾಲಿನಲ್ಲಿ ನಿಂತು, ಮದುಮಗಳ ಮುಖವನ್ನು ಒಂದು ಅಡಿ ದೂರದಿಂದ ನೋಡಿ, ಕೈಗೆ 100 ರೂಪಾಯಿ ಕವರ್ ಕೊಟ್ಟು ಬಂದಳು. ಕರೆಯದ ಮದುವೆ! ರಾತ್ರಿ 9 ಗಂಟೆಗೂ ಬೇಸ್ ಬಿರುಕು ಬಿಟ್ಟಿರಲಿಲ್ಲ ಅಂತ ವರದಿ ಬಂತು.

ಬೆಣ್ಣೆದೋಸೆ:
ಊಟ ಹೇಗಿತ್ತಂತೆ?

ನ್ಯೂಜೆರ್ಸಿ_ರೊಟ್ಟಿ:
ಜಹಾಂಗೀರ್ ಎರಡು ಸಲ ಹಾಕಿಸಿಕೊಂಡಳಂತೆ.

ತುಂಗೆಯ_ದಂಡೆ:
ಮೂರು ವಾರ ಆಯಿತು, ಸುದ್ದಿ ಹೇಳಬೇಕು. ಎರಡು ಟ್ರಯಲ್ ಮಾಡಿಸಿದೆ.

ಮೊದಲನೆಯವರು ದೊಡ್ಡ ಪೇಜು. ಕನ್ನಡಿಯಲ್ಲಿ ನೋಡಿದಾಗ ನಾನೂ ಒಂದು ಕ್ಷಣ ಮರುಳಾದೆ, ಸುಳ್ಳು ಹೇಳುವುದಿಲ್ಲ. ಹೊರಗೆ ಬಂದು ಸ್ಕೂಟಿ ಕನ್ನಡಿಯಲ್ಲಿ ನೋಡಿದರೆ ಮುಖ ಬೂದಿ ಬಣ್ಣ, ಕತ್ತು ನನ್ನದು. ಕೇಳಿದ್ದಕ್ಕೆ "ಫೋಟೊದಲ್ಲಿ ಸರಿಹೋಗುತ್ತೆ" ಅಂದರು. ಫೋಟೊ ಹೊರಗೆ ಬದುಕುವ ಎರಡು ದಿನಕ್ಕೆ ಏನು ಮಾಡಲಿ?

ಎರಡನೆಯವರು ಭದ್ರಾವತಿಯವರು, ಪೇಜು ಅಷ್ಟಕ್ಕಷ್ಟೆ. ಫೋಟೊಗಳು ಮಸುಕು, ಎಲ್ಲದರಲ್ಲೂ ಯಾರಾದರೂ ಅಡ್ಡ ನಿಂತಿದ್ದಾರೆ. ಅವರು ದವಡೆಯ ಮೇಲೆ ಮೂರು ಗೆರೆ ಎಳೆದು, ನನ್ನನ್ನು ಗೇಟಿನ ತನಕ ಕರೆದುಕೊಂಡು ಹೋಗಿ ಬಿಸಿಲಲ್ಲಿ ನಿಲ್ಲಿಸಿದರು. ಒಂದು ಗೆರೆ ಕಾಣಿಸಲೇ ಇಲ್ಲ. "ಇದೇ ನಿಮ್ಮದು" ಅಂದರು. ಕೆನ್ನೆಯ ಕಲೆ ಪೂರ್ತಿ ಮುಚ್ಚಲಿಲ್ಲ, ಹತ್ತಿರ ಬಂದರೆ ಕಾಣುತ್ತದೆ. ಮನೆಗೆ ಬಂದು ದೋಸೆ ಹೊಯ್ದೆ, ಆರು ಗಂಟೆ ಇಟ್ಟುಕೊಂಡೆ, ಮೂಗಿನ ಮೇಲೆ ಮಾತ್ರ ಸ್ವಲ್ಪ ಹೊಳಪು ಬಂತು.

ಅಮ್ಮ ನೋಡಿ, "ಏನೂ ಹಚ್ಚಿದ ಹಾಗೇ ಇಲ್ವಲ್ಲೇ, 3 ಸಾವಿರ ಯಾಕೆ ಕೊಟ್ಟೆ?" ಅಂದಳು. ಅವಳಿಗೆ ಮೊದಲನೆಯವರೇ ಬೇಕಂತೆ. ನಿನ್ನೆಯಿಂದ ಮನೆಯಲ್ಲಿ ಮಾತು ಕಮ್ಮಿ. ನಾನು ಭದ್ರಾವತಿಯವರಿಗೆ ಮುಂಗಡ ಕೊಟ್ಟಾಗಿದೆ, ಅದು ಅಮ್ಮನಿಗೆ ಇನ್ನೂ ಗೊತ್ತಿಲ್ಲ.

ಫೋಟೊದವರು ಪೂರ್ತಿ ಗ್ಯಾಲರಿ ಕಳಿಸಿದ್ದಾರೆ. ಬಾಳೆಲೆ ಹಸಿರಿದೆ.

ಪೌಡರ್_ಡಬ್ಬಿ:
ಮೂಗಿನ ಹೊಳಪಿಗೆ ಟಿಶ್ಯೂ ಒತ್ತಿ, ಮೇಲಿಂದ ಮೇಲೆ ಪೌಡರ್ ಹಾಕಬೇಡಿ. ಅಮ್ಮನಿಗೂ ಅವರ ಹತ್ತಿರವೇ ಮೇಕಪ್ ಮಾಡಿಸಿ, ರಾಜಿಯಾಗುತ್ತಾರೆ.

ಹುಬ್ಬಳ್ಳಿ_ಗಿರ್ಮಿಟ್:
ಅತ್ತಿಗೆಯರು ಎಷ್ಟು ಮಂದಿ ರೀ?

ತುಂಗೆಯ_ದಂಡೆ:
ಐದು.

ಹುಬ್ಬಳ್ಳಿ_ಗಿರ್ಮಿಟ್:
ಮುಗೀತು ಬಿಡ್ರಿ. ಹಳದಿ ಶೇಡ್ ಒಂದು ತರಲಿಕ್ಕೆ ಹೇಳಿ.

ತುಂಗೆಯ_ದಂಡೆ:
ಬೆಣ್ಣೆದೋಸೆಯವರೇ, ಅಡುಗೆಯವರ ನಂಬರ್ ಇನ್‌ಬಾಕ್ಸಿಗೆ ಹಾಕಿದ್ದೇನೆ.